ಹಾಡಿಲ್ಲದ ತಟ್ಟೆ

ಎಪ್ಪತ್ತರ ದಶಕದ ಬೈಲಹೊಂಗಲದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರೊಬ್ಬರಿದ್ದರು. ಗ್ರಾಮೋಫೋನ್ ತಟ್ಟೆಯನ್ನು ಧೋತರದ ಚುಂಗಿನಿಂದ ಒರೆಸಿ, ಮುಳ್ಳು ಇಳಿಸಿ, ಕೇಳುವವರ ಮುಖವನ್ನೇ ನೋಡುತ್ತ ಕೂಡುತ್ತಿದ್ದರು. ಮುಗಿದೊಡನೆ ಒಂದೇ ಪ್ರಶ್ನೆ: "ಹೆಂಗನಿಸ್ತು? ಖರೆ ಹೇಳ್ರಿ."

ಒಮ್ಮೆ ಅವರಿಗೊಂದು ವಿಲಾಯತಿ ತಟ್ಟೆ ಸಿಕ್ಕಿತು. ಹಾಡುವವರೇ ಇಲ್ಲ, ಬರೀ ಕರೆಂಟಿನ ಗಿಟಾರು, ಡ್ರಮ್ಮು, ಅಬ್ಬರ. ಏನೂ ತಿಳಿಯದಿದ್ದರೂ ನಾನು "ಭಾರಿ ಐತ್ರಿ" ಎಂದೆ. ಹತ್ತಿ ಬಿಡಿಸುವ ಜಿನ್ನಿನ ಹಮಾಲರೊಬ್ಬರು ಮಾತ್ರ, "ನಮ್ಮ ಮಶೀನ ಕುಣ್ಯಾಕ ಹತ್ತಿದಂಗ ಐತ್ರಿ" ಎಂದು ದಿನಾ ಬಂದು ಕೇಳತೊಡಗಿದರು.

ಒಂದು ದಿನ ಸಂಗೊಳ್ಳಿಯ ಕರಡಿಮಜಲು ಬಾರಿಸುವ ಹಿರಿಯರು ಅದನ್ನು ಕೇಳಿ ತಲೆಯಾಡಿಸಿದರು: "ಮನಷ್ಯಾನ ಕೈ ಇಷ್ಟ ಜಲ್ದಿ ಹೊಳ್ಳೂದಿಲ್ರಿ."

ಮೈಕ್‌ಸೆಟ್ಟಿನವರು ವೇಗದ ಗುಂಡಿ ನೋಡಿದರು. ನಿಮಿಷಕ್ಕೆ ಮೂವತ್ತಮೂರು ಸುತ್ತಿನ ತಟ್ಟೆ ತಿಂಗಳಿಂದ ನಲವತ್ತೈದರ ವೇಗದಲ್ಲಿ ತಿರುಗುತ್ತಿತ್ತು! ಹಾಡು ಇದ್ದಿದ್ದರೆ ಕೀರಲು ದನಿಯಿಂದಲೇ ಗೊತ್ತಾಗುತ್ತಿತ್ತು.

ಮರುದಿನದಿಂದ ಅವರು ಕೇಳಿದವರನ್ನೆಲ್ಲ ಕರೆತಂದು, ಸರಿಯಾದ ವೇಗದಲ್ಲಿ ಮತ್ತೆ ಕೇಳಿಸಿದರು. "ತಪ್ಪ ನಂದರಿ. ಈಗ ಹೆಂಗನಿಸ್ತು? ಖರೆ ಹೇಳ್ರಿ."

ಹಮಾಲರು ನೆಲ ನೋಡುತ್ತ, "ಮೊದಲಿನದ ಚೊಲೊ ಇತ್ರಿ, ಅಣ್ಣಾರ" ಎಂದರು.

ಅಂದಿನಿಂದ ಆ ಹಮಾಲರ ನೆರಳು ಬಾಗಿಲಲ್ಲಿ ಬಿದ್ದೊಡನೆ, ಮೈಕ್‌ಸೆಟ್ಟಿನವರು ಏನೂ ಕೇಳದೆ ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸುತ್ತಿದ್ದರು.