ಅಜ್ಜನ ದಾರಕ್ಕೆ ಹುರಿ ಏರುತ್ತಿರಲಿಲ್ಲ

ಒದ್ದೆ ತಂಗೂಸಿಗೆ ಅದರದೇ ಒಂದು ವಾಸನೆಯಿದೆ. ಅಂಗಡಿಯಲ್ಲಿ ಸುರುಳಿಯಾಗಿ ಮಲಗಿದ್ದಾಗ ಅದು ಗಾಳ ಕಟ್ಟುವ ಬರಿಯ ನೈಲಾನ್ ದಾರ, ಮೂಸಿದರೆ ಏನೂ ಇಲ್ಲ. ಸಮುದ್ರಕ್ಕೆ ಇಳಿದು ಮೇಲೆ ಬಂದು, ಬೆರಳಿನ ಬಿಸಿ ತಾಗಿ, ಬೊಂಡಾಸ್, ಅದೇ ಸ್ಕ್ವಿಡ್, ಕಾರಿದ ಮಸಿ ಒಂದಿಷ್ಟು ಹತ್ತಿತೆಂದರೆ ಉಪ್ಪೂ ಕಬ್ಬಿಣವೂ ಬೆರೆತಂಥ ಆ ವಾಸನೆ ಹುಟ್ಟುತ್ತದೆ. ಮೊನ್ನೆ ಸಿಡ್ನಿಯಿಂದ ಅಪ್ಪ ಅಮ್ಮನನ್ನು ನೋಡಲು ಬಂದವಳು ವೆರಿಬೀ ಸೌತಿನ ಜೆಟ್ಟಿಯ ತನಕ ಕಾರು ಓಡಿಸಿಕೊಂಡು ಹೋದೆ. ಆ ವಾಸನೆ ಮೂಗಿಗೆ ಬಡಿಯಿತು. ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಹಳೆಯ ಸಿಟ್ಟು, ಆರಿಲ್ಲ, ಆರಲಿ ಎಂದು ನನಗೆ ಆಸೆಯೂ ಇಲ್ಲ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಕಲಿತದ್ದು ಈ ಜೆಟ್ಟಿಯ ಮೇಲೆ, ನನ್ನ ಅಪ್ಪನ ಅಪ್ಪನಿಂದ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ನನ್ನನ್ನು ನೋಡಿಕೊಳ್ಳಲು ಅಜ್ಜನನ್ನು ಹೊನ್ನಾವರದಿಂದ ಕರೆಸಿಕೊಂಡಿದ್ದರು. ಶರಾವತಿ ಸಮುದ್ರ ಸೇರುವಲ್ಲಿ ಬಾಳೆಲ್ಲ ದೋಣಿ ನಡೆಸಿ ಗಾಳ ಹಾಕಿದ ಮನುಷ್ಯ. ಇಲ್ಲಿಯ ಚಳಿಗೆ ಪಂಚೆಯ ಒಳಗೆ ಅಪ್ಪನ ಹಳೆಯ ಟ್ರ್ಯಾಕ್ ಪ್ಯಾಂಟ್, ತಲೆಗೆ ಅಮ್ಮನ ಗುಲಾಬಿ ಉಲ್ಲನ್ ಟೊಪ್ಪಿ. ಶಾಲೆ ಬಿಟ್ಟ ಮೇಲೆ ನನ್ನನ್ನು ಬಸ್ಸು ಹತ್ತಿಸಿ, ಕಡೆಯ ಸ್ಟಾಪಿನಿಂದ ನಡೆಸಿ, ಜೆಟ್ಟಿಗೆ ಕರೆದೊಯ್ಯುತ್ತಿದ್ದ. ರಾಡಿಲ್ಲ, ರೀಲಿಲ್ಲ. ಕೈಯಲ್ಲಿ ಒಂದು ಮರದ ಹಲಗೆ, ಅದರ ಎರಡೂ ತುದಿಗೆ ಬಾಯಿ ಕೊರೆದಿತ್ತು, ನಡುವೆ ತಂಗೂಸಿ. ಊರಿನಿಂದ ಚೀಲದ ತಳದಲ್ಲಿಟ್ಟುಕೊಂಡು ತಂದದ್ದು.

ಜೆಟ್ಟಿಯ ಕಂಬದ ಪಕ್ಕಕ್ಕೇ, ಬಾವಿಗೆ ಕೊಡ ಇಳಿಸಿದ ಹಾಗೆ, ದಾರವನ್ನು ನೆಟ್ಟಗೆ ಕೆಳಗೆ ಬಿಡುತ್ತಿದ್ದ. ತುದಿಯಲ್ಲಿ ಸಿಗಡಿಯ ಆಕಾರದ ಬಣ್ಣದ ಗಾಳ. ಎತ್ತುವುದು, ಬಿಡುವುದು, ಎತ್ತುವುದು, ಬಿಡುವುದು. ಪ್ರತಿ ಸಲ ಬೀಳುವಾಗಲೂ ಗಾಳ ಗಿರಗಿರನೆ ತಿರುಗುತ್ತದೆ, ತಿರುಗಿದಷ್ಟೂ ದಾರಕ್ಕೆ ಹುರಿ ಏರುತ್ತದೆ, ಹುರಿ ಏರಿದ ದಾರ ಸ್ವಲ್ಪ ಸಡಿಲಾದರೆ ಸಾಕು, ತನ್ನನ್ನೇ ತಾನು ಸುತ್ತಿಕೊಂಡು ಗಂಟಾಗುತ್ತದೆ. ಅದಕ್ಕೆ ಅಜ್ಜ ಗಾಳಕ್ಕಿಂತ ಒಂದು ಮೊಳ ಮೇಲೆ ಸ್ವಿವೆಲ್ ಎಂಬ ಹಿತ್ತಾಳೆಯ ಪುಟ್ಟ ತಿರುಗುಕೊಂಡಿ ಕಟ್ಟುತ್ತಿದ್ದ: ಕೆಳಗಿನದು ಎಷ್ಟು ಬೇಕಾದರೂ ತಿರುಗಲಿ, ಮೇಲಿನದಕ್ಕೆ ಗೊತ್ತಾಗಬಾರದು. ಸುತ್ತುವಾಗ ದಾರ ಹಿಡಿದ ಕೈ ಹಲಗೆಯನ್ನು ಸುತ್ತಬಾರದು. ಹಲಗೆಯೇ ತಿರುಗಿ ದಾರವನ್ನು ಎಳೆದುಕೊಳ್ಳಬೇಕು. ಹಲಗೆ ತಿರುಗಿಸುವುದು ನನ್ನ ಕೆಲಸ. ಇಷ್ಟಾದರೂ ಮನೆಗೆ ಹೊರಡುವ ಮುಂಚೆ ಗಾಳ ಬಿಚ್ಚಿ, ಬರೀ ಸೀಸದ ಗುಂಡು ಕಟ್ಟಿ, ನೀರಿಗೆ ತಾಗದ ಹಾಗೆ ಇಳಿಬಿಡುತ್ತಿದ್ದ. ಗುಂಡು ತನ್ನ ಪಾಡಿಗೆ ತಿರುಗಿ ತಿರುಗಿ ಉಳಿದ ಹುರಿಯನ್ನೆಲ್ಲ ಬಿಚ್ಚಿಕೊಂಡು ನಿಲ್ಲಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿ?

"ಕ್ಯಾನ್ ವಿ ಗೋ ನೌ, ಅಜ್ಜ?"

"ಈ ದಾರಕ್ಕೆ ಇಂಗ್ಲಿಷ್ ಬರುದಿಲ್ಲ ತಂಗಿ. ಕನ್ನಡದಾಗೆ ಕೇಳು."

ಕನ್ನಡದಲ್ಲಿ ಕೇಳಿದರೂ ಬಿಡುತ್ತಿರಲಿಲ್ಲ. ಗುಂಡು ನಿಂತ ಮೇಲೆಯೇ "ಈಗ ಸುತ್ತು" ಎನ್ನುತ್ತಿದ್ದ.

ಆಗ ನಾವಿದ್ದದ್ದು ವೆರಿಬೀಯ ಹಲಗೆ ಗೋಡೆಯ ಬಾಡಿಗೆ ಮನೆಯಲ್ಲಿ. ಹಿಂದೆ ನಿಂಬೆಗಿಡ, ಅದರ ಬುಡದಲ್ಲಿ ಅಜ್ಜ ಬೊಂಡಾಸ್ ಸೋಸಿ ಕೊಟ್ಟರೆ ಅಮ್ಮ ತೆಂಗಿನಕಾಯಿ ಹಾಕಿ ಸುಕ್ಕ ಮಾಡುವಳು. ಅಂಗಿಯ ತೋಳು ಮಡಚಿ ಎಲ್ಲರಿಗಿಂತ ಮೊದಲು ತಟ್ಟೆ ಮುಂದೆ ಕೂರುತ್ತಿದ್ದವನು ಅಪ್ಪ. ಹಜಾರದಲ್ಲಿ ಸುರುಳಿ ವೈರಿನ ಫೋನಿತ್ತು. ಅಮ್ಮ ಮಾತಾಡಿ ಮಾತಾಡಿ ಅದರ ವೈರು ಮುದ್ದೆಯಾದಾಗಲೆಲ್ಲ ಅಜ್ಜ ರಿಸೀವರ್ ಎತ್ತಿ ಇಳಿಬಿಟ್ಟು, ಅದು ಸುತ್ತಿ ನಿಲ್ಲುವ ತನಕ ಸುಮ್ಮನೆ ಎದುರಿಗೆ ನಿಂತಿರುತ್ತಿದ್ದ. ಆ ಮನೆ ಈಗಿಲ್ಲ. ಕೆಡವಿ ಮೂರು ಟೌನ್‌ಹೌಸ್ ಕಟ್ಟಿದ್ದಾರೆ, ನಿಂಬೆಗಿಡದ ಜಾಗದಲ್ಲಿ ಯಾರದೋ ಗ್ಯಾರೇಜ್.

ಆಗ ನಮಗೆ ಗೊತ್ತಿದ್ದ ಕನ್ನಡದ ಮನೆಗಳು ಕೆಲವೇ. ಅವರ ನಡುವೆ ಅಪ್ಪ ತನ್ನನ್ನು "ಹೊನ್ನಾವರದ ಕಡೆಯವರು" ಎಂದಷ್ಟೇ ಹೇಳಿಕೊಂಡಿದ್ದ. ಅದರಾಚೆ ಕೇಳಿದರೆ ಮಾತು ತೇಲಿಸುತ್ತಿದ್ದ. ಒಂದು ಭಾನುವಾರ ಧಾರವಾಡದ ವಸಂತ ಅಂಕಲ್ ಕುಟುಂಬದೊಡನೆ ಜೆಟ್ಟಿಗೆ ಗಾಳಿ ಸೇವನೆಗೆ ಬಂದವರು ನಾನೂ ಅಜ್ಜನೂ ಗಾಳ ಹಾಕುತ್ತಿದ್ದುದನ್ನು ನೋಡಿಬಿಟ್ಟರು. ಮುಂದಿನ ವಾರ ಕ್ಲೇಟನ್ನಿನಲ್ಲಿ ಕನ್ನಡದವರೆಲ್ಲ ಸೇರಿದ ಯುಗಾದಿ ಊಟ. ಹೋಳಿಗೆ ಬಡಿಸುತ್ತಾ, ನಾಲ್ಕು ಜನರೆದುರು, ನಗುನಗುತ್ತಲೇ ಅಂಕಲ್ ಅಂದರು: "ಏನ್ರಿ ಎಂಜಿನಿಯರ್ ಸಾಹೇಬ್ರ, ನಿಮ್ಮ ತಂದಿಯವರು ಆಸ್ಟ್ರೇಲಿಯಾಕ್ಕ ಬಂದ್ರೂ ಕುಲಕಸಬು ಬಿಡ್ಲಿಲ್ಲಲ್ರಿ! ನಾಳೆ ಮಗಳ ತಲಿಮ್ಯಾಲೂ ಮೀನಿನ ಬುಟ್ಟಿ ಹೊರಸ್ತೀರೇನು?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಜ್ಜ ತಲೆ ಎತ್ತದೆ ಹೋಳಿಗೆ ಮುರಿದ.

ಮರುದಿನ ಕಸದ ಲಾರಿ ಬರುವ ದಿನ. ಶಾಲೆಯಿಂದ ಬಂದು ನೋಡಿದರೆ ಬಾಗಿಲ ಹಿಂದೆ ಹಲಗೆ ಇಲ್ಲ. ಅಪ್ಪ ಬೆಳಿಗ್ಗೆಯೇ ಅದನ್ನು ಬಿನ್ನಿಗೆ ಹಾಕಿಬಿಟ್ಟಿದ್ದ. ಅಜ್ಜ ಕೂಗಾಡಲಿಲ್ಲ. ಸಂಜೆ ಅಪ್ಪ ಬಂದಾಗ ಒಂದೇ ಮಾತು ಹೇಳಿದ: "ಬಿಸಾಡುದಾದ್ರೆ ತುಂಡು ತುಂಡು ಮಾಡಿ ಬಿಸಾಡಬೇಕಾಗಿತ್ತು ಮಗಾ. ಇಡೀ ದಾರ ಹಕ್ಕಿ ಕಾಲಿಗೆ ಸಿಕ್ಕತದೆ."

ಅಂದಿನಿಂದ ಜೆಟ್ಟಿ ಇಲ್ಲ. ಟಿವಿ ಮುಂದೆ ಕುಳಿತ ಅಜ್ಜ ಪ್ಲಾಸ್ಟಿಕ್ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು. ಚಳಿಗಾಲ ಮುಗಿಯುವ ಮುಂಚೆಯೇ "ಊರಿಗೆ ಕಳಿಸ್ಬಿಡು" ಎಂದ. ಹೋದ. ಹೊನ್ನಾವರದಲ್ಲೇ ತೀರಿಕೊಂಡ, ಅಪ್ಪ ಒಬ್ಬನೇ ಹೋಗಿಬಂದ. ಈಗ ಕ್ಲೈಡ್ ನಾರ್ತಿನ ದೊಡ್ಡ ಮನೆಯಲ್ಲಿ ಕುಳಿತು, ನಾನು ಆ ಮಾತು ತೆಗೆದಾಗಲೆಲ್ಲ ಅಪ್ಪ ಹೇಳುವುದು ಇಷ್ಟು: "ಆಗ ನಮಗೆ ಯಾರಿದ್ರು? ಇದ್ದವ್ರನ್ನೂ ಕಳ್ಕೊಳ್ಳಬೇಕಾಗಿತ್ತಾ?" ಕಳೆದುಕೊಂಡದ್ದು ಯಾರನ್ನು ಎಂದು ನಾನು ಕೇಳುತ್ತೇನೆ. ಅಪ್ಪ ಟಿವಿಯ ಸದ್ದು ಹೆಚ್ಚಿಸುತ್ತಾನೆ.

ಮೊನ್ನೆ ಜೆಟ್ಟಿಯ ಮೇಲೆ ಆ ವಾಸನೆಯ ಹಿಂದೆಯೇ ಒಂದು ದನಿ ಬಂತು: "ಏ, ನೀ ಹೊನ್ನಾವರದವರ ಮಗಳಲ್ಲೇನ್ವಾ?" ವಸಂತ ಅಂಕಲ್. ತಲೆ ನೆರೆತಿದೆ. ಜೇಬು ಜೇಬಿನ ಜಾಕೆಟ್ಟು, ಹೊಳೆಯುವ ರಾಡು, ದುಬಾರಿ ರೀಲು, ರೀಲಿನ ಬಾಯಲ್ಲಿ ಕಾಗೆಗೂಡಿನಂತೆ ಸಿಕ್ಕುಬಿದ್ದ ದಾರ. "ರಿಟೈರ್ ಆದ್ಮ್ಯಾಲೆ ಹಚ್ಕೊಂಡೀನಿ ನೋಡು. ಫಿಶಿಂಗ್ ಅಂದ್ರ ಮೆಡಿಟೇಶನ್ ಇದ್ದಂಗ! ಆದ್ರ ಈ ಸುಡುಗಾಡು ಲೈನ್ ಬರೇ ಸಿಕ್ಕ ಬೀಳ್ತದ. ನಿಂಗೇನರ ಗೊತ್ತೈತೇನು?"

ಅವರು ಮಾಡಿದರೆ ಮೆಡಿಟೇಶನ್. ರಾಡು ಕಿತ್ತುಕೊಂಡು ನೀರಿಗೆಸೆಯಬೇಕೆನಿಸಿತು. ಕೆಳಗೆ ಒಂದು ಪೆಲಿಕನ್ ಹಕ್ಕಿ ಕಂಬಕ್ಕೆ ಒರಗಿಕೊಂಡೇ ತೇಲುತ್ತಿತ್ತು. ಕತ್ತರಿ ಕೇಳಿದೆ. ಸಿಕ್ಕಾದದ್ದನ್ನು ತುಂಡು ಮಾಡಿ ಅವರ ಜಾಕೆಟ್ಟಿನ ಜೇಬಿಗೇ ತುರುಕಿದೆ. ಉಳಿದ ದಾರಕ್ಕೆ ಬರೀ ಗುಂಡು ಕಟ್ಟಿ ಇಳಿಬಿಟ್ಟೆ. ಅದು ತಿರುಗತೊಡಗಿತು.

"ಇದನ್ನ ಯಾರು ಕಲಿಸಿದ್ರು ನಿಂಗ?"

"ನಮ್ಮಜ್ಜ. ಯುಗಾದಿ ಊಟದಲ್ಲಿ ನೀವು ನಕ್ಕಿದ್ರಲ್ಲ ಅಂಕಲ್, ಆ ಅಜ್ಜ."

ಅಂಕಲ್ ನಿಜಕ್ಕೂ ಯೋಚಿಸಿದರು. ಹುಬ್ಬು ಗಂಟಿಕ್ಕಿ, ಸಮುದ್ರ ನೋಡಿ, ಮತ್ತೆ ನನ್ನನ್ನು ನೋಡಿ, "ನಾನಾ? ಯಾವಾಗ್ವಾ?" ಎಂದರು. ಸುಳ್ಳಲ್ಲ. ನಮ್ಮ ಮನೆಯಿಂದ ಒಬ್ಬ ಮನುಷ್ಯನನ್ನು ಎಬ್ಬಿಸಿ ಕಳಿಸಿದ ಆ ಮಾತು ಅವರ ನೆನಪಿನಲ್ಲೇ ಇರಲಿಲ್ಲ.

ಗುಂಡು ತಿರುಗಿತು, ನಿಧಾನವಾಯಿತು, ಅರ್ಧ ಸುತ್ತು ಹಿಂದಕ್ಕೆ ಬಂತು, ನಿಂತಿತು. ನಿಂತ ಮೇಲೂ ದಾರ ಹಿಡಿದುಕೊಂಡೇ ಇದ್ದೆ. ಈಗ ಸುತ್ತು ಎಂದು ಯಾರೂ ಹೇಳಲಿಲ್ಲ.