ದೊಡ್ಡತಾಯಮ್ಮ ಕಂಡ ಸಮುದ್ರ

ಬಂಡೂರಿನ ಕುರಿ ಎಂದರೆ ಮೈಸೂರು ಸೀಮೆಯಲ್ಲೆಲ್ಲ ಬಾಯಿ ಚಪ್ಪರಿಸುವವರಿದ್ದಾರೆ. ಆ ಕುರಿಗಳ ಹಿಂದೆ ಕಂಬಳಿ ಹೊದ್ದು ಅಲೆಯುವವರ ಹೆಸರು ಮಾತ್ರ ಯಾರಿಗೂ ಬೇಡ. ಅಂಥದೊಂದು ಮನೆಯಲ್ಲಿ ಹುಟ್ಟಿದವನು ಅಪ್ಪಾಜಿ. ತಂದೆ ಬೇಗ ತೀರಿಕೊಂಡ. ತಾಯಿ ದೊಡ್ಡತಾಯಮ್ಮ ಮಂದೆಯನ್ನೂ ಮಗನನ್ನೂ ಒಟ್ಟಿಗೇ ಮೇಯಿಸಿದಳು ಎಂದು ಊರವರು ತಮಾಷೆ ಮಾಡುತ್ತಿದ್ದರು, ಆ ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಗ ಮಳವಳ್ಳಿಯಲ್ಲಿ ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದ. ಮಂಡ್ಯದ ಹತ್ತಿರ ವಿ.ಸಿ. ಫಾರಂನಲ್ಲಿ ಕಬ್ಬಿನ ತಾಕುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಖಾಕಿ ಚಡ್ಡಿ, ಬೂಟು, ತಲೆಗೆ ಟೊಪ್ಪಿ ಬಂದವು.

ಅಪ್ಪಾಜಿ ಕೆಟ್ಟವನಲ್ಲ. ಆದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಕಾಯಿಲೆ ಅವನಿಗೆ ಅಂಟಿಕೊಂಡಿತ್ತು. ಸೇರಿದ ಹೊಸದರಲ್ಲಿ ಜೊತೆಗಾರ ಚೌಡಯ್ಯ ಮೂಗು ಅರಳಿಸಿ, "ಇಲ್ಲೆಲ್ಲೋ ಕುರಿ ವಾಸ್ನೆ ಬತ್ತಾ ಅದೆ ಕಣ್ಲಾ" ಎಂದಿದ್ದ. ಯಾರನ್ನೂ ಗುರಿಯಿಟ್ಟು ಅಂದ ಮಾತಲ್ಲ ಅದು, ಬೇಲಿಯಾಚೆ ನಿಜವಾಗಿಯೇ ಒಂದು ಮಂದೆ ಹೋಗುತ್ತಿತ್ತು. ಅಪ್ಪಾಜಿ ಅಂದಿನಿಂದ ಎರಡು ಹೊತ್ತು ಸೋಪು ಹಚ್ಚಿ ಮೈ ತಿಕ್ಕತೊಡಗಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಯಾರೂ ಕೇಳದಿದ್ದರೂ, ತಮ್ಮ ಮನೆಗೆ ಗದ್ದೆಯಿದೆ, ಕೆಲಸಕ್ಕೆ ಆಳುಕಾಳಿದ್ದಾರೆ ಎಂದು ತಾನಾಗಿಯೇ ಹೇಳಿಕೊಂಡ. ಹೇಳುತ್ತಾ ಹೇಳುತ್ತಾ ಆ ಗದ್ದೆ ಅವನಿಗೇ ಕಣ್ಣಿಗೆ ಕಟ್ಟಿದಂತಾಯಿತು.

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ರೈಲಿನವರು ರಜಕ್ಕೆಂದು ರಿಯಾಯಿತಿ ಟಿಕೀಟು ಬಿಟ್ಟಿದ್ದರು. ಫಾರಂನ ಕೆಲವರು ಸೇರಿ ಮದರಾಸಿಗೆ ಹೋಗಿ ಸಮುದ್ರ ನೋಡಿಬರುವುದೆಂದು ಗೊತ್ತುಮಾಡಿದರು. ಟಿಕೀಟು ಬಿಟ್ಟರೆ ಖರ್ಚೆಂಬುದೇ ಇಲ್ಲದ ಯಾತ್ರೆ ಅದು: ನಿದ್ದೆ ರೈಲಿನಲ್ಲಿ, ಮುಖ ತೊಳೆಯುವುದು ಸ್ಟೇಷನ್ನಿನ ನಲ್ಲಿಯಲ್ಲಿ, ಊಟ ಕಟ್ಟಿಕೊಂಡು ಹೋದ ಬುತ್ತಿಯಲ್ಲಿ. ಒಂದು ಹಗಲು ಮದರಾಸಿನಲ್ಲಿದ್ದು ಅದೇ ರಾತ್ರಿ ಹಿಂದಿರುಗುವುದು. ಮನೆಯವರನ್ನೂ ಕರೆತರಬಹುದು ಎಂದು ಮ್ಯಾನೇಜರು ಹೇಳಿದರು.

ಊರಿಗೆ ಹೋದಾಗ ಅಪ್ಪಾಜಿ ಬಾಯಿ ತಪ್ಪಿ ಈ ಸುದ್ದಿ ಹೇಳಿಬಿಟ್ಟ. ದೊಡ್ಡತಾಯಮ್ಮ ಕೈಯಲ್ಲಿದ್ದ ಹಗ್ಗ ಅಲ್ಲೇ ಬಿಟ್ಟಳು.

"ನಾನೂ ಬತ್ತೀನಿ ಕಣ್ಲಾ."

"ನೀನ್ಯಾಕವ್ವಾ? ದೂರ."

"ಕುರಿಗೆ ಉಪ್ಪಾಕೀ ಆಕೀ ನನ್ ಕೈ ಸವುದೋಗದೆ. ಆ ಉಪ್ಪು ಉಟ್ಟೋ ಜಾಗವ ಒಂದ್ಸಲ ಕಣ್ಣಲ್ಲಿ ನೋಡಿ, ಕಾಲಿಟ್ಟು ಬಂದ್ಬುಡ್ತೀನಿ. ಇನ್ನೇನ್ ಕೇಳಿದ್ದೀನ್ಲಾ ನಿನ್ನ?"

ಏನೂ ಕೇಳಿರಲಿಲ್ಲ, ಅದೇ ಫಜೀತಿ. ಸದಾ ಏನಾದರೊಂದು ಕೇಳುತ್ತಿದ್ದ ತಾಯಿಯಾಗಿದ್ದರೆ ಒಂದು ಸಲ ಇಲ್ಲ ಎನ್ನಬಹುದಿತ್ತು. ಅಪ್ಪಾಜಿ ಒಪ್ಪಿಕೊಂಡ. ಅವತ್ತಿನಿಂದ ಅವನಿಗೆ ಸರಿಯಾಗಿ ಅನ್ನ ಸೇರಲಿಲ್ಲ.

ಫಾರಂನವರು ಮಂಡ್ಯದಲ್ಲಿ ರೈಲು ಹತ್ತುವವರು. ಇವರಿಬ್ಬರೂ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಮದ್ದೂರಿನಲ್ಲಿ ಕಾದು ನಿಂತರು. ದೊಡ್ಡತಾಯಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು, ಆದರೆ ಅದರ ಮೇಲೆ ಕರಿಕಂಬಳಿ. ಬರಿಗಾಲು. ಮೊಣಕೈವರೆಗೂ ಹಚ್ಚೆ. ಕಂಕುಳಲ್ಲಿ ರಾಗಿರೊಟ್ಟಿಯ ಗಂಟು. ಕಂಬಳಿಯನ್ನು ಮಡಿಸಿಟ್ಟುಕೋ ಎಂದು ಅಪ್ಪಾಜಿ ಎರಡು ಸಲ ಹೇಳಿದ. ರೈಲಿನಲ್ಲಿ ಚಳಿ ಎಂದು ಅವಳು ಕೇಳಲಿಲ್ಲ. ಹನಕೆರೆ ಕಡೆಯಿಂದ ರೈಲಿನ ಹೊಗೆ ಕಂಡಿತು.

ಗಾಡಿ ನಿಂತಿತು. ಚೌಡಯ್ಯ ಕಿಟಕಿಯಿಂದ ಕೈಬೀಸಿ ಕರೆದ. ಡಬ್ಬಿಯ ಬಾಗಿಲಲ್ಲೇ ಮ್ಯಾನೇಜರ ಹೆಂಡತಿ, ಸೊಂಟದಲ್ಲಿ ರಚ್ಚೆ ಹಿಡಿದ ಕೂಸು. ಅವರು ದೊಡ್ಡತಾಯಮ್ಮನನ್ನು ಕಂಡು ಮುಖ ಅರಳಿಸಿದರು.

"ಅಪ್ಪಾಜಿ, ಇವರು ನಿಮ್ಮ ಮನೇ ಆಳೇನು? ಮಗೂನ ಎತ್ತಿಕೊಳ್ಳೋಕೆ ಅಂತ ಕರ್ಕೊಂಡು ಬಂದ್ರಾ? ಪುಣ್ಯಾತ್ಮರು ನೀವು. ನಂಗೆ ರಟ್ಟೆ ಬಿದ್ದು ಹೋಗಿತ್ತು."

ಆ ಹೆಂಗಸಿನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಆಳುಕಾಳಿನ ಕಥೆ ಕಟ್ಟಿದವನು ಅಪ್ಪಾಜಿ, ಅವರು ಅದನ್ನು ನಂಬಿದ್ದರು ಅಷ್ಟೆ. ಇವರು ನಮ್ಮ ತಾಯಿ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೌದಮ್ಮಾ," ಎಂದ ಅಪ್ಪಾಜಿ.

ತಾಯಿ ಒಂದು ಮಾರು ಹಿಂದೆ ನಿಂತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಾರದು ಎಂದು ಅವನು ಸಮಾಧಾನ ಹೇಳಿಕೊಂಡ. ಕೂಸು ಅವಳ ತೋಳಿಗೆ ಹೋಯಿತು. ಹೋದದ್ದೇ ತಡ, ಅಳು ನಿಲ್ಲಿಸಿತು. ಕುರಿಮರಿಗಳನ್ನು ಎತ್ತಿ ಎತ್ತಿ ಪಳಗಿದ ತೋಳು ಅವಳದು.

ಬೆಂಗಳೂರಿನಲ್ಲಿ ಗಾಡಿ ಬದಲಾಯಿಸುವ ಗಲಾಟೆಯಲ್ಲಿ ದೊಡ್ಡತಾಯಮ್ಮ ಮಗನ ಹತ್ತಿರ ಬಂದಳು. ಸುತ್ತ ಫಾರಂನವರೆಲ್ಲ ನಿಂತಿದ್ದರು. ಅವ್ವ ಈಗ "ಲೇ ಅಪ್ಪಾಜಿ" ಅನ್ನುತ್ತಾಳೆ, ಎಲ್ಲ ಬಯಲಾಗುತ್ತದೆ ಎಂದು ಅವನು ಅತ್ತಿತ್ತ ನೋಡಿದ.

ಅವಳು ತಲೆ ತಗ್ಗಿಸಿ, "ಬುದ್ದೀ, ಮಗಿನ ಬಟ್ಟೆ ಒದ್ದೆಯಾಗದೆ. ಬ್ಯಾರೆ ಬಟ್ಟೆ ಯಾವ್ ಗಂಟಲ್ಲದೆ, ಅಮ್ಮಾವ್ರ ಕೇಳಿ" ಎಂದಳು.

ಊರಿನಲ್ಲಿ ಆಳುಗಳು ಧಣಿಯನ್ನು ಕರೆಯುವುದು ಬುದ್ದಿ ಎಂದು. ಹೆತ್ತ ಮಗನನ್ನು ಹಾಗೆ ಕರೆದ ತಾಯಿಯನ್ನು ಅಪ್ಪಾಜಿ ಎಲ್ಲೂ ಕಂಡಿರಲಿಲ್ಲ. ಅವಳಿಗೆ ಕೇಳಿಸಿತ್ತು. ಕೇಳಿಸಿದ್ದಷ್ಟೇ ಅಲ್ಲ, ಅವನು ಹೇಳಿದ ಸುಳ್ಳಿಗೆ ಅವಳು ಹೆಗಲು ಕೊಟ್ಟಿದ್ದಳು. ಅವನಿಗೆ ನಾಚಿಕೆಯಾಯಿತು, ಜೊತೆಗೆ, ಇದನ್ನು ಹೇಳುವುದಕ್ಕೇ ಕಷ್ಟ, ಸ್ವಲ್ಪ ನೆಮ್ಮದಿಯೂ ಆಯಿತು. ಆ ನೆಮ್ಮದಿಗೆ ಇನ್ನಷ್ಟು ನಾಚಿಕೆಯಾಯಿತು.

ಮದರಾಸಿನಲ್ಲಿ ಇಳಿದು, ಮುಖ ತೊಳೆದು, ಬುತ್ತಿ ಬಿಚ್ಚಿ ತಿಂದು, ಸಮುದ್ರಕ್ಕೆ ಹೋದರು. ದೊಡ್ಡತಾಯಮ್ಮ ಮರಳಿನ ಅಂಚಿಗೆ ಬಂದವಳು ಹಾಗೇ ನಿಂತುಬಿಟ್ಟಳು. ಅವಳ ಕಣ್ಣು ಅಷ್ಟು ದೊಡ್ಡದಾದದ್ದನ್ನು ಅಪ್ಪಾಜಿ ನೋಡಿರಲಿಲ್ಲ. ಏನೋ ಹೇಳಲು ಅವನ ಕಡೆ ತಿರುಗಿದಳು, ಪಕ್ಕದಲ್ಲಿ ಚೌಡಯ್ಯನಿದ್ದುದನ್ನು ಕಂಡು ಸುಮ್ಮನಾದಳು.

ಎಲ್ಲರೂ ನೀರಿಗಿಳಿದರು. ಮ್ಯಾನೇಜರು ಕಚ್ಚೆ ಕಟ್ಟಿ ಇಳಿದರು, ಅವರ ಹೆಂಡತಿ ಸೀರೆ ನೆನೆಸಿಕೊಂಡು ಹುಡುಗಿಯಂತೆ ನಕ್ಕರು. ಬಟ್ಟೆಗಳು, ಚಪ್ಪಲಿಗಳು, ಬುತ್ತಿಯ ಗಂಟುಗಳು ಒಂದು ಕಡೆ ರಾಶಿ ಬಿದ್ದವು. ಆ ರಾಶಿಯನ್ನು ಕಾಯುತ್ತಾ ದೊಡ್ಡತಾಯಮ್ಮ ಕೂತಳು, ಕೂಸು ಅವಳ ಹೆಗಲ ಮೇಲೆ ನಿದ್ದೆಹೋಗಿತ್ತು. ಬಿಸಿಲಿಗೆ ಕಂಬಳಿಯನ್ನೇ ಅದಕ್ಕೆ ಮರೆ ಮಾಡಿದ್ದಳು.

ಅಪ್ಪಾಜಿ ಒಂದು ಸಲ ದಡಕ್ಕೆ ಬಂದ, ಮೈಯಿಂದ ನೀರು ಸುರಿಯುತ್ತಿತ್ತು.

"ಬುದ್ದೀ," ಎಂದಳು ತಾಯಿ ಮೆಲ್ಲಗೆ, "ಒಂದೀಟು ಕಾಲಿಟ್ಟು ಬರ್ಲಾ?"

ಅವ್ವಾ ಬಾ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕೂಸನ್ನು ತಾನು ಎತ್ತಿಕೊಂಡು ಅವಳನ್ನು ಕಳಿಸಬಹುದಿತ್ತು. ಏನೂ ಇಲ್ಲವೆಂದರೆ ಬೊಗಸೆಯಲ್ಲಿ ನೀರಾದರೂ ತಂದುಕೊಡಬಹುದಿತ್ತು. ಆಳಿಗೆ ಬೊಗಸೆಯಲ್ಲಿ ನೀರು ಹೊತ್ತು ತರುವ ಧಣಿಯನ್ನು ಕಂಡು ಚೌಡಯ್ಯ ಏನಂದಾನು? ಚೌಡಯ್ಯ ಅಲ್ಲೇ ನಿಂತು ತಲೆ ಒರೆಸಿಕೊಳ್ಳುತ್ತಿದ್ದ.

"ಮಗು ಎದ್ದ ಮೇಲೆ ನೋಡೋಣ," ಎಂದ ಅಪ್ಪಾಜಿ.

ಮಗು ಏಳಲಿಲ್ಲ. ಸುಖವಾದ ಹೆಗಲು ಸಿಕ್ಕಿದ ಕೂಸು ಯಾಕೆ ಎದ್ದೀತು? ಎಲ್ಲರೂ ಒಣಗಿದರು, ತಿಂಡಿ ತಿಂದರು, ಹೊತ್ತಾಯಿತೆಂದು ಟ್ರಾಮು ಹಿಡಿಯಲು ಓಡಿದರು. ದೊಡ್ಡತಾಯಮ್ಮ ಕೂಸನ್ನು ಎತ್ತಿಕೊಂಡು ಎಲ್ಲರ ಹಿಂದೆ ನಡೆದಳು. ತಿರುಗಿ ತಿರುಗಿ ನೋಡುತ್ತಾ ನಡೆದಳು. ಅಪ್ಪಾಜಿ ಮುಂದೆ ಇದ್ದವನು ಒಮ್ಮೆಯೂ ಹಿಂದೆ ನೋಡಲಿಲ್ಲ, ನೋಡುವ ಧೈರ್ಯ ಅವನಿಗಿರಲಿಲ್ಲ.

ಮರುದಿನ ಮದ್ದೂರಿನಲ್ಲಿ ಇಬ್ಬರೇ ಇಳಿದರು. ಬೈಯುತ್ತಾಳೆ, ಅಳುತ್ತಾಳೆ, ಎರಡೇಟು ಹೊಡೆದರೂ ಹೊಡೆಯಲಿ ಎಂದು ಅಪ್ಪಾಜಿ ಕಾದ. ದೊಡ್ಡತಾಯಮ್ಮ, "ಆ ಕೂಸು ಬಲು ಸಂದಾಗದೆ ಕಣ್ಲಾ. ಅಮ್ಮಾವ್ರೂ ಒಳ್ಳೇವ್ರು" ಎಂದಳು. ಬಸ್ಸಿನಲ್ಲಿ ಅವನು "ಅವ್ವಾ" ಎಂದು ಬಾಯಿ ತೆರೆದರೆ, "ಆ ಕಿಟ್ಕಿ ಮುಚ್ಚು, ಧೂಳು" ಎಂದಳು.

ಮುಂದಿನ ಭಾನುವಾರ ಅವನು ಮನಸ್ಸು ತಡೆಯದೆ ಮತ್ತೆ ಬಂಡೂರಿಗೆ ಬಂದ. ಹಜಾರದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ ಜಗಲಿಯ ಮೇಲೆ ಹೆಂಗಸರ ಗುಂಪು ಕೂಡಿತು. ನೆರೆಮನೆಯ ಪಟ್ಟಲಮ್ಮ ಸಮುದ್ರದ ಕಥೆಯನ್ನು ಇನ್ನೊಂದು ಸಲ ಹೇಳು ಎಂದು ಪೀಡಿಸುತ್ತಿದ್ದಳು. ಆ ವಾರವೆಲ್ಲ ಅದೇ ಕಥೆ ನಡೆದಿತ್ತೆಂದು ಕಾಣುತ್ತದೆ.

"ಎದ್ರಿಕೆ ಆಗ್ನಿಲ್ವಾ ದೊಡ್ತಾಯಮ್ಮ?"

"ಆಗದೆ ಇದ್ದಾದಾ? ನನ್ ಮಗ ಕೈ ಇಡ್ಕಂಡು ಮಂಡಿಗಂಟ ಇಳಿಸ್ದ. 'ಎದರ್ಬೇಡ ಕಣವ್ವ, ನಾನಿವ್ನಿ' ಅಂದ. ಅಫೀಸರ್ರು, ಅವ್ರ ಎಂಡ್ರು, ಎಲ್ರೂ ನಿಂತ್ಕಂಡು ನೋಡ್ತಿದ್ರು. 'ಇವ್ರು ನಮ್ಮವ್ವ' ಅಂತ ಎಲ್ರಿಗೂ ತೋರಿಸ್ದ. ಬೊಗಸೇಲಿ ನೀರ ಮೊಗೆದು ನನ್ ಬಾಯ್ಗೆ ಇಟ್ಟ. ಉಪ್ಪಂದ್ರೆ ಉಪ್ಪು ಕಣಮ್ಮ!"

"ಎತ್ರೆ ಇಂಥಾ ಮಗನ್ನ ಎರಬೇಕು," ಎಂದಳು ಗುಂಪಿನಲ್ಲಿದ್ದ ದೇವಿರಮ್ಮ.

ಒಳಗಿದ್ದ ಅಪ್ಪಾಜಿ ಬಾಚಣಿಗೆ ಕೆಳಗಿಟ್ಟ. ಅವನು ಮಾಡಬೇಕಾಗಿದ್ದ ಒಂದೊಂದನ್ನೂ ಅವನ ತಾಯಿ ತನ್ನ ಕಥೆಯಲ್ಲಿ ಒಂದೂ ಬಿಡದೆ ಮಾಡಿಸಿದ್ದಳು. ಸಹಿಸಲಾಗಲಿಲ್ಲ. ಹೊಸಿಲು ದಾಟಿ ಜಗಲಿಗೆ ಬಂದು, ಎಲ್ಲರ ಎದುರಿಗೆ ಹೇಳಿಬಿಟ್ಟ.

"ಅದೆಲ್ಲ ಸುಳ್ಳು. ಅವ್ವ ನೀರೇ ಮುಟ್ನಿಲ್ಲ. ಅವಳನ್ನ ನಮ್ಮನೆ ಆಳು ಅಂತ ನಾನೇ ಯೋಳ್ದೆ. ದಿನವೆಲ್ಲ ಅವ್ರ ಕೂಸು ಎತ್ಕಂಡು, ಚಪ್ಲಿ ಕಾಯ್ಕಂಡು ಕೂತಿದ್ಲು. ತಪ್ಪೆಲ್ಲ ನಂದು."

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಇಷ್ಟು ದಿನಕ್ಕೆ ಒಂದು ಗಂಡಸಿನ ಕೆಲಸ ಮಾಡಿದೆ ಎಂದೂ ಒಂದು ಗಳಿಗೆ ಅನ್ನಿಸಿತು. ಆಮೇಲೆ ತಾಯಿಯ ಮುಖ ನೋಡಿದ.

ಪಟ್ಟಲಮ್ಮ ಸೆರಗು ಕೊಡವಿಕೊಂಡು ಎದ್ದಳು. ದೇವಿರಮ್ಮ ಒಲೆಯ ಮೇಲೆ ಏನೋ ಇಟ್ಟುಬಂದಿದ್ದೇನೆ ಎಂದು ಗೊಣಗಿದಳು. ಯಾರೂ ದೊಡ್ಡತಾಯಮ್ಮನ ಕಡೆ ನೋಡದೆ ಒಬ್ಬೊಬ್ಬರಾಗಿ ಇಳಿದು ಹೋದರು. ತಿರುವಿನಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಇಬ್ಬರಿಗೂ ಕೇಳಿಸಿತು.

"ಅವ್ವಾ, ತಪ್ಪಾಯ್ತು," ಎಂದ ಅಪ್ಪಾಜಿ.

ದೊಡ್ಡತಾಯಮ್ಮ ಕೂಗಾಡಲಿಲ್ಲ. "ಅಲ್ಲಿ ಆಳು ಅಂದೆ. ಆಗ್ಲಿ ಅಂದ್ಕಂಡೆ. ಅವ್ರ್ಯಾರೋ, ನಾನ್ಯಾರೋ, ಒಂದಿನದ ಮಾತು. ಇವ್ರ ಮುಂದೆ ನಾನು ಸಾಯೋಗಂಟ ಬಾಳ್ಬೇಕಲ್ಲೋ ಮಗ."

ಅಪ್ಪಾಜಿ ಜಗಲಿಯ ಅಂಚಿನಲ್ಲಿ ಕೂತ.

"ನಿನ್ ಎದೆ ಅಗುರಾಯ್ತಾ?" ಎಂದು ಕೇಳಿದಳು. ಕೇಳಿದ್ದು ಕೊಂಕಿನಿಂದಲ್ಲ, ಜ್ವರ ಬಿಟ್ಟಿತಾ ಎಂದು ಕೇಳುವ ಹಾಗೆ. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಗೋಡೆ ಹಿಡಿದು ಎದ್ದು, ಇನ್ನು ಯಾರೂ ಬಂದು ಕೂರುವವರಿಲ್ಲವೆಂದು ಜಗಲಿಯ ಮೇಲೆ ಹಾಸಿದ್ದ ಚಾಪೆಯನ್ನು ಸುತ್ತಿ ಒಳಗಿಟ್ಟಳು.