ನಮ್ಮ ಮನೆಗೆ ದಿನವೂ ಬರುವ ದ್ವಾದಶಿ

ಹೊಸಪೇಟೆಯಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಊರಿಗೆಲ್ಲ ವೈದ್ಯಶಾಸ್ತ್ರ ಬರುತ್ತದೆ. ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದ ವಾರದಲ್ಲೇ ಹಾಲಿನವನು, ಗ್ಯಾಸ್ ತರುವವನು, ನಾನು ನಿವೃತ್ತನಾದ ಕಚೇರಿಯ ಹಾಲಿ ಗುಮಾಸ್ತರು, ಎಲ್ಲರೂ ತಲಾ ಒಂದು ಔಷಧಿ ಹೇಳಿದರು. ಗುಣವಾಗುತ್ತದೆ ಎಂದು ಹೇಳದೆ ಉಳಿದವರು ಡಾಕ್ಟರು ಒಬ್ಬರೇ.

“ಮಿದುಳಿನ ಸಣ್ಣ ಸಣ್ಣ ರಕ್ತನಾಳ ಕಟ್ಟಿಕೊಂಡಾವ್ರಿ,” ಎಂದಿದ್ದರು ಅವರು. “ಕಾಲುವಿಗೆ ಹೂಳು ತುಂಬಿದ್ರ ಕೊನೀ ಹೊಲಕ್ಕ ನೀರು ಹತ್ತೂದಿಲ್ಲ ನೋಡ್ರಿ, ಹಂಗ. ಒಣಗಿದ್ದು ತಿರುಗಿ ಹಸಿರಾಗೂದಿಲ್ಲ. ಉಳಿದದ್ದನ್ನ ಕಾಯೋಣು. ಬಿಪಿ ಗುಳಿಗಿ ತಪ್ಪಿಸಬ್ಯಾಡ್ರಿ. ಉಪಾಸ ಅಂತೂ ಬ್ಯಾಡೇ ಬ್ಯಾಡ.”

ನಮ್ಮಂಥ ವೈಷ್ಣವರ ಮನೆಗೆ ಇದು ಸಣ್ಣ ಆಜ್ಞೆಯಲ್ಲ. ದೊಡ್ಡಮ್ಮ ಬುದ್ಧಿ ಬಂದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಅವತ್ತು ಅನ್ನವಿಲ್ಲ, ಗಂಟಲಿಗೆ ಹನಿ ನೀರೂ ಇಲ್ಲ. ಹಾಗಾಗಿ ಗೋಡೆಯ ಕ್ಯಾಲೆಂಡರನ್ನು ಬೀರುವಿಗೆ ಗಡಿಪಾರು ಮಾಡಿ, ಏಕಾದಶಿ ಎಂಬ ಶಬ್ದವನ್ನೇ ಮನೆಯಲ್ಲಿ ನಿಷೇಧಿಸಿದೆವು. ಆ ದಿನ ಬಂದಾಗ ನನ್ನ ಹೆಂಡತಿ ಅವಳಿಗೆ ಉಣಬಡಿಸಿ, ತಾನು ಸದ್ದಿಲ್ಲದೆ ಉಪವಾಸ ಇರುತ್ತಿದ್ದಳು. ನನ್ನ ಉಪವಾಸದ ವಿಷಯ ದೇವರಿಗೆ ಗೊತ್ತು, ಬಸ್ ಸ್ಟ್ಯಾಂಡ್ ಎದುರಿನ ಮಿರ್ಚಿ ಭಜಿ ಅಂಗಡಿಯವನಿಗೂ ಗೊತ್ತು.

ಡಾಕ್ಟರ ಮಾತಿನಲ್ಲಿ ಆಸೆಗೆ ಜಾಗವಿರಲಿಲ್ಲ. ಅದನ್ನು ಬೇರೆ ಊರುಗಳಲ್ಲಿ ಹುಡುಕಿದೆವು. ಗುಳಿಗೆಯೂ ಇರಲಿ, ಇದೂ ಇರಲಿ ಎಂಬ ಉದಾರ ನೀತಿ.

ಕಂಪ್ಲಿಯಲ್ಲಿ ನೆತ್ತಿಗೆ ಹಾಕುವ ತೈಲ ಕೊಟ್ಟರು. ಮನೆಗೆ ತಂದು ಬಟ್ಟಲಿಗೆ ಸುರಿದು ಮುಂದಿಟ್ಟರೆ ದೊಡ್ಡಮ್ಮ ಮೂಸಿ ನೋಡಿ, “ಬಾರೋ, ಕೂಡು. ಹಬ್ಬದ ದಿನಾನೂ ಎಣ್ಣಿ ಅಂದ್ರ ಓಡ್ತಿ” ಎಂದು ನನ್ನನ್ನು ಕೂರಿಸಿ ತಲೆಗೆ ತಟ್ಟತೊಡಗಿದಳು.

“ಕೂದಲೆಲ್ಲ ಎಲ್ಲಿ ಹೋದುವೋ?”

“ರಿಟೈರ್ ಆದುವು, ದೊಡ್ಡಮ್ಮ.”

ನನ್ನ ಹೆಸರು ಅವಳಿಗೆ ಹೊಳೆಯುವುದು ನಿಂತು ಬಹಳ ಕಾಲವಾಗಿತ್ತು. ಆದರೆ ಆ ಬೆರಳುಗಳು ಕಿವಿಯ ಹಿಂದಿನ ಹಳೆಯ ಗಾಯದ ಗುಳಿಯನ್ನು ತಾವಾಗಿ ಹುಡುಕಿ, ಅಲ್ಲಿ ಮೆತ್ತಗಾದವು. ನಾನು ತಮಾಷೆ ನಿಲ್ಲಿಸಿ ಕಣ್ಣು ಮುಚ್ಚಿ ಕುಳಿತೆ.

ಹಂಪಿಯಲ್ಲಿ ಅರ್ಚಕರಾಗಿದ್ದ ನಮ್ಮ ಸಂಬಂಧಿಕರು ಮಂತ್ರಿಸಿ ಅವಳ ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿದರು. ಆಟೋ ಕಮಲಾಪುರ ದಾಟುವಷ್ಟರಲ್ಲಿ ದಾರ ನನ್ನ ಕೈಗೆ ಬಂದಿತ್ತು. “ನಿನಗ ದೃಷ್ಟಿ ಭಾಳ ತಾಕ್ತದ” ಎಂದಳು. ಹೀಗೆ ಅವಳ ಚಿಕಿತ್ಸೆಯೆಲ್ಲ ನನಗೇ ನಡೆಯುತ್ತಿತ್ತು. ನನ್ನಲ್ಲಿ ವಿಶೇಷ ಸುಧಾರಣೆ ಕಂಡುಬಂದಿದೆ ಎಂದು ಮಾತ್ರ ಮನೆಯವರು ಒಪ್ಪಲಿಲ್ಲ.

ಕೊನೆಗೆ ಸಂಡೂರು. ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗಿ, ಗುಡ್ಡದ ಬುಡದ ನಾಟಿ ವೈದ್ಯರ ಮುಂದೆ ಕುಳಿತೆವು. ಅವರು ನಾಡಿ ಹಿಡಿದು, ಒಂದು ಬೇರು ಕೊಟ್ಟು, ಅವಳೆದುರಿಗೇ ಹೇಳಿಬಿಟ್ಟರು: “ಒಂದಿನ ಅಮ್ಮಾರಿಗೆ ಉಪಾಸ ಹಾಕ್ರಿ. ಮರುದಿನ ಇದನ್ನ ತೇದು ನೆಕ್ಕಸ್ರಿ.”

ವಾಪಸ್ ಬರುವಾಗ ಕಾರಿನಲ್ಲಿ ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. “ಇವತ್ತ ಏಕಾದಶಿ ಏನೋ?”

ದಾರಿಯಲ್ಲಿ ವಾದ ಬೇಡವೆಂದು ನಾನು “ಹೂಂ” ಎಂದೆ. ಐದು ನಿಮಿಷಕ್ಕೆ ಎಲ್ಲವೂ ಸೋರಿಹೋಗುವ ತಲೆ, ಇದೂ ಹೋಗುತ್ತದೆ ಎಂಬ ಲೆಕ್ಕ. ಹೆಂಡತಿ ನನ್ನನ್ನು ನೋಡಿದ ರೀತಿಯಲ್ಲಿಯೇ ತೀರ್ಪು ಬರೆದಿತ್ತು.

ಅದು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ತಳ್ಳಿದಳು, ಗುಳಿಗೆ ತಳ್ಳಿದಳು, ಬೇರನ್ನಂತೂ ಕಣ್ಣೆತ್ತಿ ನೋಡಲಿಲ್ಲ. “ಏಕಾದಶಿ ಅದ. ನಿಮಗ ಮಡಿ ಇಲ್ಲ, ಮೈಲಿಗಿ ಇಲ್ಲ.” ದಿನವಿಡೀ ದೇವರ ಗೂಡಿನ ಮುಂದೆ ಕುಳಿತು ಸ್ತೋತ್ರ ಹೇಳಿದಳು. ಗಂಡನ ಮುಖ ಫೋಟೋದಲ್ಲೂ ಗುರುತಾಗದವಳ ಬಾಯಲ್ಲಿ ಒಂದು ಅಕ್ಷರವೂ ಜಾರಲಿಲ್ಲ. ತುಟಿ ಒಡೆದಿತ್ತು. ಫೋನಿನಲ್ಲಿ ಡಾಕ್ಟರು, “ನಾಳಿ ಮುಂಜಾನಿಗೂ ಗುಳಿಗಿ, ನೀರು ತಗೊಳ್ಳಲಿಲ್ಲಂದ್ರ ಕರಕೊಂಡ್ ಬಂದುಬಿಡ್ರಿ. ಇನ್ನೊಂದು ನಾಳ ಕಟ್ಟಿದ್ರ ಕಷ್ಟ” ಎಂದರು. ನಾನು ಹೆದರಿದೆ, ಆದರೆ ಮನಸ್ಸಿನಲ್ಲೇ ಅವಳ ಮುಂದೆ ಕೈಮುಗಿದೂ ನಿಂತಿದ್ದೆ. ಎಲ್ಲ ಕಳಚಿ ಬಿದ್ದ ಮೇಲೆ ಉಳಿಯುವುದು ಇಷ್ಟು ಗಟ್ಟಿಯಾದದ್ದೇ?

ದಾರಿ ಕಂಡದ್ದು ನನ್ನ ಹೆಂಡತಿಗೆ. ಬೆಳಕು ಹರಿಯುವ ಮುಂಚೆ ಸ್ನಾನ ಮಾಡಿ, ಉಪವಾಸ ಮುರಿಯುವ ದಿನದ ಅಡುಗೆಯನ್ನೇ ಮಾಡಿದಳು: ಅನ್ನ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ. ಗಂಟೆ ಬಾರಿಸಿ ಕೂಗಿದಳು: “ಏಳ್ರಿ ಅತ್ಯಾರ, ಇವತ್ತ ದ್ವಾದಶಿ. ಪಾರಣಿ ಹೊತ್ತು ಮೀರ್ತದ.”

ದೊಡ್ಡಮ್ಮ ಡ್ಯೂಟಿಗೆ ಹೊರಟವಳಂತೆ ಎದ್ದಳು. ತೀರ್ಥ ತೆಗೆದುಕೊಂಡಳು; ಅದರ ಜೊತೆ ಬಿಪಿ ಗುಳಿಗೆಯೂ ಸದ್ಗತಿ ಪಡೆಯಿತು. ಆದರೆ ಎಲೆಯ ಮುಂದೆ ಕುಳಿತವಳು ಅನ್ನಕ್ಕೆ ಕೈ ಹಾಕಲೊಲ್ಲಳು.

“ಉಣ್ರಿ, ಅತ್ಯಾರ.”

“ಅವ ಉಂಡಿಲ್ಲಲ್ಲ,” ಎಂದು ನನ್ನತ್ತ ತೋರಿಸಿದಳು. “ನಿನ್ನಿಯಿಂದ ಉಪಾಸ ಇದ್ದಾನ. ಮಾರಿ ನೋಡು, ಹ್ಯಾಂಗ ಬಾಡ್ಯದ.”

ಜೀವಮಾನದಲ್ಲಿ ದ್ವಾದಶಿಯ ದಿನ ಮನೆಯವರೆಲ್ಲ ಕೂರದೆ ಅವಳು ಉಂಡದ್ದಿಲ್ಲ. ಕಾಯಿಲೆಯವಳೆಂದು ಮೊದಲು ಬಡಿಸಿದ್ದು ನಮ್ಮ ಅಜ್ಞಾನ. ಹಿಂದಿನ ಸಂಜೆಯ ಮಿರ್ಚಿ ಇನ್ನೂ ಎದೆಯಲ್ಲಿ ಉರಿಯುತ್ತಿರುವಾಗ, ಸೂರ್ಯನಿಗಿಂತ ಮೊದಲು ನಾನು ಭೋಜನಕ್ಕೆ ಕುಳಿತೆ. ಹೆಂಡತಿಯೂ ಎಲೆ ಹಾಕಿಕೊಂಡಳು. ಆಮೇಲೆ ದೊಡ್ಡಮ್ಮ ಉಂಡಳು, ಪೂರ್ತಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ದಿನವೂ ದ್ವಾದಶಿ. ದಿನವೂ ಬೆಳಿಗ್ಗೆ ಅವಳಿಗೆ ನಿನ್ನೆ ಏಕಾದಶಿಯಾಗಿರುತ್ತದೆ. ಪಂಚಾಂಗ ಕರ್ತರು ಕ್ಷಮಿಸಬೇಕು. “ತೀರ್ಥದಾಗ ಹೋದ್ರೂ ಗುಳಿಗಿ ಗುಳಿಗೀನ ಬಿಡ್ರಿ” ಎಂದರು ಡಾಕ್ಟರು. ಸಂಡೂರಿನ ಬೇರು ಕಪಾಟಿನಲ್ಲಿ ಒಣಗುತ್ತಿದೆ. ಮರೆವು ಗುಣವಾಗಿಲ್ಲ.

ಆದರೆ ಬೀರುವಿನೊಳಗಿನ ಕ್ಯಾಲೆಂಡರಿಗೆ ನಿಜವಾದ ಏಕಾದಶಿಯೂ ಬರುತ್ತದಲ್ಲ. ಬಂತು. ಹೆಂಡತಿ ಎಂದಿನಂತೆ ಅಡುಗೆ ಮಾಡಿ, ನಮ್ಮಿಬ್ಬರಿಗೆ ಬಡಿಸಿ, ಗೋಡೆಗೆ ಒರಗಿ ನಿಂತಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಆ ವ್ರತ ಕಲಿಸಿದವಳೇ ದೊಡ್ಡಮ್ಮ. ಅಂದಿನಿಂದ ಏಕಾದಶಿಯಂದು ಹೆಂಡತಿ ಅನ್ನ ಮುಟ್ಟಿರಲಿಲ್ಲ.

ದೊಡ್ಡಮ್ಮನ ಕೈ ನಿಂತಿತು. “ನಿನ್ನ ಎಲಿ ಎಲ್ಲಿ?”

“ನಾ ಆಮ್ಯಾಲ ಉಣ್ತೀನ್ರಿ.”

ದೊಡ್ಡಮ್ಮ ಎಲೆಯನ್ನು ಮುಂದಕ್ಕೆ ಸರಿಸಿದಳು.

ಆ ವಿಷಯದಲ್ಲಿ ಮಾತಾಡುವ ಅರ್ಹತೆಯನ್ನು ಮಿರ್ಚಿ ಅಂಗಡಿಯಲ್ಲಿ ಕಳೆದುಕೊಂಡಿದ್ದೆ. ಹೆಂಡತಿ ದೇವರ ಗೂಡಿನತ್ತ ನೋಡಿದಳು. ನಂದಾದೀಪದ ಬತ್ತಿ ಮುಂದಕ್ಕೆ ದೂಡಿ, ಒಳಗೆ ಹೋಗಿ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಕಿ ಕುಳಿತಳು. ಅನ್ನ ಕಲಸುವಾಗ ಅವಳ ಕೈ ಸ್ವಲ್ಪವೂ ತಡೆಯಲಿಲ್ಲ. ದೊಡ್ಡಮ್ಮ ತನ್ನ ಎಲೆಯನ್ನು ಹತ್ತಿರ ಎಳೆದುಕೊಂಡು, ಅವಳ ಬೆನ್ನ ಮೇಲೆ ಎಡಗೈ ಇಟ್ಟಳು.

“ಇನ್ನೊಂದು ತುತ್ತು ಹಾಕ್ಕೊ. ನಿನ್ನಿ ಪೂರಾ ಉಪಾಸ ಇದ್ದಿ, ತಂಗಿ.”